ಎಡವೋ ಬಲವೋ

ಮೊದಲ ದಿನ ಮಾಬುನ್ನಿ ನಕ್ಕಿದ್ದಳು:
"ಸೋಡಾ ಅಂಗಡಿ ಇಡ್ತೀರೇನ್ರಿ ಮೇಡಂ, ಇಷ್ಟೊಂದು ಸ್ಟ್ರಾ?"
ಸ್ಟ್ರಾನೇ ಹೌದು. ಹೀರುವುದಕ್ಕಲ್ಲ.
ಪ್ಲಾಸ್ಟಿಕ್ಕಿನ ಪೊರೆ, ಒಳಮೈಗೆ ಅಲ್ಯುಮಿನಿಯಂ ಮಿಂಚು,
ಎರಡು ಮೊಳ ಉದ್ದ, ಕಿರುಬೆರಳ ದಪ್ಪ,
ಜೋರಾಗಿ ಸೀನಿದರೆ ಬಳುಕುವ ಗೋಡೆ.
ಅದರ ನಟ್ಟನಡುವೆ ಒಂದು ತಂತಿ ನಿಲ್ಲಬೇಕು:
ಟಂಗ್‌ಸ್ಟನ್ನಿನದು, ಮೇಲೆ ಚಿನ್ನದ ನೀರು,
ತಲೆಗೂದಲನ್ನು ನಾಲ್ಕಾಗಿ ಸೀಳಿದರೆ
ಸಿಗುವಷ್ಟು ಸಣ್ಣ.

ಕೌಲ್ ಬಜಾರಿನಲ್ಲಿ ಹನ್ನೊಂದು ವರ್ಷ
ಜೀನ್ಸಿಗೆ ಜಿಪ್ಪು ಕೂರಿಸಿದ ಕೈ ಅವಳದು.
ಕರೆಂಟು ಹೋದರೂ ಸೂಜಿಗೆ ದಾರ ಏರಿಸುತ್ತಿತ್ತು.
ನನ್ನದು ಲೆಕ್ಕ ಮಾತ್ರ, ಕಾಗದದ ಮೇಲೆ:
ಎಳೆತ ಐವತ್ತು ಗ್ರಾಂ, ವೋಲ್ಟು ಹದಿನೈದು ನೂರು,
ನಡುವಿನಿಂದ ಚೂರು ಸರಿದರೂ ತಂತಿ ಸುಳ್ಳು ಹೇಳುತ್ತದೆ.
ಎಂಟು ದಿನ ಊದಿದೆ, ಹೀರಿದೆ, ಬೈದೆ.
ಒಳಹೋಗದ ತಂತಿ ಸುರುಳಿ ಸುತ್ತಿ ಬೆರಳಿಗೇ ಬಂತು.
"ಲಂಗಕ್ಕೆ ಲಾಡಿ ಹಾಕೋದು ಗೊತ್ತಿಲ್ಲೇನ್ರಿ?"
ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ,
ಮೂತಿ ಸವೆಸಿದ ಸೂಜಿಯ ಬೆನ್ನಿಗೆ ದಾರ,
ದಾರದ ಬಾಲಕ್ಕೆ ತಂತಿ.
ಸೂಜಿ ತನ್ನ ಭಾರಕ್ಕೆ ತಾನೇ ಇಳಿಯಿತು.

ಬಿರಡೆಗಳನ್ನು ಎರ್ರಿಸ್ವಾಮಿ ಲೇತಿನಲ್ಲಿ ಕಡೆದುಕೊಟ್ಟ.
ಆರ್ಗಾನು ಅವನ ಭಾವನ ವೆಲ್ಡಿಂಗ್ ಶಾಪಿನದು.
ಸೋರಿಕೆ ನೋಡಿದ್ದು ಪಂಕ್ಚರ್ ಅಂಗಡಿಯ ವಿದ್ಯೆಯಲ್ಲಿ,
ತುದಿಗೆ ಸೋಪಿನ ನೊರೆ ಹಚ್ಚಿ, ಕಣ್ಣು ಕಿರಿದು ಮಾಡಿ.

ವೈರಿ ಅಂದರೆ ಧೂಳು.
ಸಂಡೂರಿನ ಕಡೆಯಿಂದ ಲಾರಿ ಹಾದ ದಿನ
ನನ್ನ ಬಿಳಿ ಕೋಟು ಸಂಜೆಗೆ ಕಾವಿ ಉಡುತ್ತದೆ.
ಒಂದು ಕಣ ಸಾಕು, ಅದಿರಿನ ಕೆಂಪು ಕಣ,
ತಂತಿಗಂಟಿ ಕಿಡಿ ಕಾರುವುದಕ್ಕೆ.
ಏಳನೇ ನಳಿಗೆ ಹಾಗೇ ಹೋಯಿತು.
ಕಿಟಕಿಗೆ ಡೆನಿಮ್ ಪರದೆ ಕಟ್ಟೋಣವೆಂದೆ.
"ಅದರದೇ ನೂಲು ಉದುರ್ತತಿ ಮೇಡಂ, ಲೈನಿಂಗ್ ಬಟ್ಟೆ ತರ್ತೀನಿ."
ಮರುದಿನ ಬಳೆಗಳನ್ನೂ ತೆಗೆದಿಟ್ಟು ಬಂದಳು,
ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಎರಡು ಪಟ್ಟಿ.

ಮೂವತ್ತೆರಡು ನಳಿಗೆ. ಎರಡು ಸಾಲು.
"ಎರಡನೇದು ಅರ್ಧ ಸರಿದೈತಿ, ತಪ್ಪಾತೇನು?"
ತಪ್ಪಲ್ಲ. ಹೇಗೆ ಹೇಳಲಿ?
ಹಾದುಹೋದದ್ದು ಅನಿಲದಲ್ಲಿ ಗೀರು ಬಿಟ್ಟು ಹೋಗುತ್ತದೆ,
ಗೀರಿನ ಸುದ್ದಿ ತಂತಿ ಮುಟ್ಟಲು ಹಿಡಿದ ಹೊತ್ತಿನಲ್ಲಿ
ದೂರ ಎಷ್ಟೆಂದು ಗೊತ್ತಾಗುತ್ತದೆ.
ಇಷ್ಟು ದೂರ, ಅಷ್ಟೇ.
ಎಡಕ್ಕೋ ಬಲಕ್ಕೋ, ಒಂಟಿ ನಳಿಗೆ ಹೇಳಲಾರದು.
ಪಕ್ಕದ ಸಾಲಿನವಳನ್ನು ಕೇಳಬೇಕು,
ಅರ್ಧ ಹೆಜ್ಜೆ ಸರಿದು ನಿಂತವಳನ್ನು.
ಅವಳು ಯೋಚಿಸಿದಳು. "ನಮ್ಮ ಓಣಿ ಹಂಗೇ ಐತಿ," ಅಂದಳು,
"ಯಾರ ಮನಿ ಜಗಳ ಅಂತ ತಿಳೀಬೇಕಂದ್ರ
ಎರಡು ಗೋಡಿಗೆ ಕಿವಿ ಇಡಬೇಕು."

ಆ ರಾತ್ರಿ ಗುಡ್ಡದ ಬಂಡೆ ಇನ್ನೂ ಬಿಸಿಯಿತ್ತು.
ಪರದೆಯ ಮೇಲೆ ಒಂದು ಹಸಿರು ಮೊನೆ ಎದ್ದು ಬಿತ್ತು.
ಮತ್ತೊಂದು.
"ಎಲ್ಲಿಂದ ಬಂತು?"
ಮೇಲಿಂದ.
"ಮೇಲೆ ಅಂದ್ರ?"
ತುಂಬ ಮೇಲೆ, ಗಾಳಿ ತೆಳ್ಳಗಾಗುವಲ್ಲಿ ಹುಟ್ಟಿ,
ಛಾವಣಿ ದಾಟಿ, ನಳಿಗೆ ದಾಟಿ, ನೆಲಕ್ಕೆ.
"ನನ್ನೊಳಗಿಂದ?"
ಅಂಗೈ ಚಾಚಿದರೆ ಸೆಕೆಂಡಿಗೊಂದು.
ಅವಳು ಚಾಚಿದಳು. ನೋಡಿದಳು.
ಸೂಜಿ ಹೊಕ್ಕರೆ ಕೂಗುವ, ಇಸ್ತ್ರಿ ಸುಟ್ಟರೆ ಹಿಂಜರಿಯುವ ಕೈ
ಏನೂ ಹೇಳಲಿಲ್ಲ.
"ಹೊಲಿಗೀನೇ ಬಿಡಲ್ವಲ್ಲ, ಎಂಥಾ ಸೂಜಿ ಇದು."

ಬೆಳಿಗ್ಗೆ ನೋಡಿದರೆ ಇಪ್ಪತ್ತಮೂರನೆಯದು ಸೋರುತ್ತಿತ್ತು.
ಅಂಟು ಕೆರೆದು, ಬಿರಡೆ ಕಿತ್ತು,
ತಂತಿ ಮತ್ತೆ ಮೊದಲಿಂದ.
"ಅಲ್ಲಿ ಬಿಚ್ಚಿ ಹೊಲಿದಿದ್ದಕ್ಕೆ ಕೂಲಿ ಇರಲಿಲ್ಲರಿ," ಅಂದಳು
ಸೂಜಿಯಿಂದ ಕಣ್ಣೆತ್ತದೆ. "ಇಲ್ಲಿ?"
ನಾನು ಹಾಜರಿ ಪುಸ್ತಕ ತೆರೆದೆ.
ಪೆನ್ನು ಬರೆಯಲಿಲ್ಲ, ಕೊಡವಿದೆ.
ಆಗಲೇ ಆಚೆ ಲಾರಿ ಹಾದು
ಲೈನಿಂಗ್ ಬಟ್ಟೆ ಒಮ್ಮೆ ಒಳಗೆ ಉಬ್ಬಿತು.